ಕಳೆದುಹೋದ ಇಂದ್ರಿಯಗಳ ಮರುಕಲಿಕೆ

ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳಿಸದವರ ಒಳಕಿವಿಗೆ ತಂತಿ ಇಳಿಸಿ ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಸಾಧನ, ಅಳವಡಿಸಿಕೊಂಡವರ ಸಾಧನವನ್ನು ಮೊದಲ ಸಲ ಸ್ವಿಚ್ ಆನ್ ಮಾಡುವ ವಿಡಿಯೊಗಳನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ ಶ್ರವಣತಜ್ಞರು ಕಂಪ್ಯೂಟರಿನ ಮುಂದೆ ಕುಳಿತು ಒಂದು ಗುಂಡಿ ಒತ್ತುತ್ತಾರೆ. ಎದುರಿಗಿರುವವರ ಕಣ್ಣು ಅರಳುತ್ತದೆ, ಕೈ ಬಾಯಿಗೆ ಹೋಗುತ್ತದೆ, ಅಳು ಬರುತ್ತದೆ, ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ನನ್ನ ಇಂದಿನ ಮಾತು ಆ ವಿಡಿಯೊ ಮುಗಿದ ಮೇಲೆ ಶುರುವಾಗುವ ಸಂಗತಿಗಳ ಬಗ್ಗೆ.

ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡು ಈ ಸಾಧನವನ್ನು ಪಡೆದವರು ತಮ್ಮ ಮೊದಲ ದಿನವನ್ನು ಬಣ್ಣಿಸುವ ಬಗೆ ಬೇರೆಯೇ ಇರುತ್ತದೆ. ಕೇಳಿಸಿದ್ದು ಮಾತಲ್ಲ, ಬರೀ ಬೀಪ್ ಶಬ್ದ ಎನ್ನುವವರಿದ್ದಾರೆ. ಮಾತೆಂಬುದು ಗೊತ್ತಾಯಿತು, ಆದರೆ ಮನೆಯವರೆಲ್ಲರೂ ಕಾರ್ಟೂನಿನ ಬಾತುಕೋಳಿಯ ದನಿಯಲ್ಲಿ ಮಾತಾಡುತ್ತಿದ್ದರು ಎನ್ನುವವರಿದ್ದಾರೆ. ತಿಂಗಳುಗಳು ಕಳೆದ ಮೇಲೆ ಅವರಲ್ಲೇ ಎಷ್ಟೋ ಮಂದಿ, ಹೆಂಡತಿಯ ದನಿ ಈಗ ಹೆಂಡತಿಯ ದನಿಯಂತೆಯೇ ಕೇಳಿಸುತ್ತದೆ ಎನ್ನುತ್ತಾರೆ. ಒಳಕಿವಿಗೆ ಹೋಗಿರುವ ತಂತಿ ಅದೇ, ನರಕ್ಕೆ ವಿದ್ಯುತ್ತು ಮುಟ್ಟಿಸುವ ಅದರ ಮೇಲಿನ ಎಲೆಕ್ಟ್ರೋಡುಗಳೂ ಅವೇ. ಶ್ರವಣತಜ್ಞರು ನಡುನಡುವೆ ಮ್ಯಾಪಿಂಗ್ ಮಾಡಿ, ಅಂದರೆ ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ವಿದ್ಯುತ್ತು ಹೋಗಬೇಕೆಂಬುದನ್ನು ಸರಿಹೊಂದಿಸಿ ನೆರವಾಗಿರುತ್ತಾರೆ, ನಿಜ. ಆದರೆ ಬದಲಾವಣೆಯ ದೊಡ್ಡ ಪಾಲು ನಡೆದಿರುವುದು ಮಿದುಳಿನಲ್ಲಿ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಇಂದಿನ ಸಾಧನಗಳು ಕೊಡುವುದು ತೆಳುವಾದ, ಅಪರಿಚಿತವಾದ ಒಂದು ಸಂಕೇತವನ್ನು. ಅದನ್ನು ಬಳಸಿ ಮನುಷ್ಯರು ಕಟ್ಟಿಕೊಳ್ಳುವುದು ಹೊಸದೊಂದು ಕೌಶಲವನ್ನು. ಹಾಗಿರುವಾಗ ಕಲಿಯಲು ಬೇಕಾದ ಕಾಲ, ಕಲಿಸುವ ಜನ, ಸಾಧನವನ್ನು ವರ್ಷಾನುಗಟ್ಟಲೆ ಕಾಪಾಡುವ ವ್ಯವಸ್ಥೆ ಇವೆಲ್ಲವನ್ನೂ ಚಿಕಿತ್ಸೆಯ ಭಾಗವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಂಕೇತ ಎಷ್ಟು ತೆಳು ಎಂಬುದನ್ನು ಮೊದಲು ನೋಡೋಣ. ಆರೋಗ್ಯವಂತ ಒಳಕಿವಿಯ ಒಳಸಾಲಿನಲ್ಲಿ ಸದ್ದನ್ನು ನರಸಂಕೇತವಾಗಿಸುವ ಸುಮಾರು 3,500 ರೋಮಕೋಶಗಳಿರುತ್ತವೆ, ಅಲ್ಲಿಂದ ಮಿದುಳಿನ ಕಡೆಗೆ ಹೊರಡುವ ಶ್ರವಣನರದಲ್ಲಿ ಸುಮಾರು 30,000 ತಂತುಗಳಿರುತ್ತವೆ. ಈ ಕೆಲಸಕ್ಕೆ ಇಂಪ್ಲಾಂಟ್ ಒದಗಿಸುವುದು ಸಾಮಾನ್ಯವಾಗಿ 12ರಿಂದ 22 ಎಲೆಕ್ಟ್ರೋಡುಗಳನ್ನು ಮಾತ್ರ. ಅವು ದ್ರವದಲ್ಲಿ ಮುಳುಗಿರುವುದರಿಂದ ವಿದ್ಯುತ್ತು ಸುತ್ತಲೂ ಹರಡಿಕೊಳ್ಳುತ್ತದೆ. ದಪ್ಪ ಕೈಗವಸು ತೊಟ್ಟು ಹಾರ್ಮೋನಿಯಂ ನುಡಿಸಲು ಹೊರಟರೆ ಒಂದು ಕೀಯ ಜೊತೆಗೆ ಅಕ್ಕಪಕ್ಕದ ಕೀಗಳೂ ಒತ್ತಿಕೊಳ್ಳುವಂತೆ, ಪ್ರತಿಯೊಂದು ಎಲೆಕ್ಟ್ರೋಡೂ ತನಗೆ ಸೇರದ ಎಷ್ಟೋ ತಂತುಗಳನ್ನು ಕೆರಳಿಸುತ್ತದೆ.

ಇದನ್ನೆಲ್ಲ ಬಲ್ಲ ವಿಜ್ಞಾನಿಗಳು 1960 ಮತ್ತು 70ರ ದಶಕಗಳಲ್ಲಿ ಈ ಪ್ರಯತ್ನವನ್ನೇ ವಿರೋಧಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1957ರಲ್ಲಿ ಪ್ಯಾರಿಸಿನಲ್ಲಿ ಆಂದ್ರೆ ಜೂರ್ನೊ ಮತ್ತು ಶಾರ್ಲ್ ಎರಿಯೆಸ್ ಒಬ್ಬ ಕಿವುಡ ವ್ಯಕ್ತಿಯ ಶ್ರವಣನರವನ್ನು ಅಳವಡಿಸಿದ ಸಾಧನದಿಂದ ಪ್ರಚೋದಿಸಿದಾಗ ಆತನಿಗೆ ಲಯ ತಿಳಿಯಿತು, ಕೆಲವು ಪದಗಳನ್ನು ಬೇರ್ಪಡಿಸಲು ಸಾಧ್ಯವಾಯಿತು, ಅಷ್ಟೇ. 1961ರಲ್ಲಿ ಲಾಸ್ ಏಂಜಲಿಸಿನಲ್ಲಿ ಕೆಲಸ ಆರಂಭಿಸಿದ ವಿಲಿಯಂ ಹೌಸ್ ಅವರ ಒಂದೇ ಚಾನಲಿನ, ಅಂದರೆ ಎಲ್ಲ ಸದ್ದನ್ನೂ ಒಂದೇ ಹಾದಿಯಲ್ಲಿ ಕಳಿಸುವ ಸಾಧನ ತುಟಿ ಓದುವವರಿಗೆ ಆಸರೆಯಾಯಿತೇ ಹೊರತು ಅದೊಂದರಿಂದಲೇ ಮಾತು ತಿಳಿದುಕೊಳ್ಳುವುದು ಕಷ್ಟವಿತ್ತು. ವಿಯೆನ್ನಾದಲ್ಲಿ 1977ರಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮೈರ್ ದಂಪತಿ, ಮೆಲ್ಬರ್ನಿನಲ್ಲಿ 1978ರಲ್ಲಿ ಗ್ರೇಮ್ ಕ್ಲಾರ್ಕ್ ರೂಪಿಸಿದ ಅನೇಕ ಚಾನಲುಗಳ ಸಾಧನಗಳನ್ನು ರೋಗಿಗಳಿಗೆ ಅಳವಡಿಸಿದ ಮೇಲೆ ಚಿತ್ರ ಬದಲಾಗತೊಡಗಿತು. 1991ರಲ್ಲಿ ಬ್ಲೇಕ್ ವಿಲ್ಸನ್ ಮತ್ತು ಸಂಗಡಿಗರು ಎಲ್ಲ ಎಲೆಕ್ಟ್ರೋಡುಗಳನ್ನೂ ಒಟ್ಟಿಗೆ ಚಾಲನೆಗೊಳಿಸುವ ಬದಲು ಒಂದಾದ ಮೇಲೊಂದರಂತೆ ಅತಿ ವೇಗವಾಗಿ ಮಿಡಿಯುವ ಕ್ರಮವನ್ನು ಪ್ರಕಟಿಸಿದರು. ಒಂದರ ವಿದ್ಯುತ್ತು ಇನ್ನೊಂದರ ಜೊತೆ ಬೆರೆಯುವುದು ಇದರಿಂದ ತಪ್ಪಿತು, ಮಾತಿನ ಸ್ಪಷ್ಟತೆ ಗಣನೀಯವಾಗಿ ಏರಿತು.

ವಿರೋಧಿಸಿದವರು ಒಳಕಿವಿಯ ಬಗ್ಗೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಕೇಳುಗನನ್ನು. 1995ರಲ್ಲಿ ರಾಬರ್ಟ್ ಶ್ಯಾನನ್ ಮತ್ತು ಜೊತೆಗಾರರು ಮಾಡಿದ ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅವರು ಧ್ವನಿಮುದ್ರಿಸಿಕೊಂಡ ಮಾತನ್ನು ಸದ್ದಿನ ಆವರ್ತನಕ್ಕೆ, ಅಂದರೆ ಸದ್ದು ಎಷ್ಟು ಕೀರಲು ಅಥವಾ ಗಡುಸು ಎಂಬುದಕ್ಕೆ, ಅನುಸಾರವಾಗಿ ಕೆಲವೇ ಪಟ್ಟಿಗಳಾಗಿ ಒಡೆದರು, ಪ್ರತಿಯೊಂದು ಪಟ್ಟಿಯೊಳಗಿನ ಸೂಕ್ಷ್ಮ ವಿವರಗಳನ್ನೆಲ್ಲ ಕಿತ್ತುಹಾಕಿ ಸದ್ದಿನ ಏರಿಳಿತವನ್ನಷ್ಟೇ ಉಳಿಸಿಕೊಂಡರು, ಆ ಏರಿಳಿತವನ್ನು ಬರೀ ಹಿಸ್ಸೆನ್ನುವ ಗದ್ದಲದ ಮೇಲೆ ಹೊರಿಸಿದರು. ಹೀಗೆ ಉಳಿದ ಪಟ್ಟಿಗಳು ನಾಲ್ಕೇ ಇದ್ದಾಗಲೂ, ಸಹಜ ಶ್ರವಣವಿದ್ದ ಕೇಳುಗರು ಅಲ್ಪಸ್ವಲ್ಪ ಅಭ್ಯಾಸದ ಬಳಿಕ ವಾಕ್ಯಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಗುರುತಿಸಿದರು. ಅಂತಹ ಧ್ವನಿಯನ್ನು ನೀವು ಮೊದಲ ಸಲ ಕೇಳಿದರೆ ಗಾಳಿ ಬೀಸುವ ಸದ್ದಿನಾಚೆಗೆ ಏನೂ ತೋಚದು. ವಾಕ್ಯ ಯಾವುದೆಂದು ಯಾರಾದರೂ ಒಮ್ಮೆ ಹೇಳಿಬಿಟ್ಟರೆ, ಅದೇ ಸದ್ದಿನಲ್ಲಿ ಮಾತು ನಿಚ್ಚಳವಾಗಿ ಕೇಳಿಸತೊಡಗುತ್ತದೆ. ಆಮೇಲೆ ಅದನ್ನು ಕೇಳಿಸಿಕೊಳ್ಳದೆ ಇರುವುದೇ ಕಷ್ಟ. ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಿರುವುದಿಲ್ಲ.

ಆದರೆ ಈ ಹೊಂದಾಣಿಕೆಗೆ ಮಿತಿಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಾತಿನಲ್ಲಿ ಒಂದು ಅಕ್ಷರ ಜಾರಿದರೆ ಭಾಷೆಯ ಪರಿಚಯ ಅದನ್ನು ತುಂಬಿಕೊಡುತ್ತದೆ. ಸಂಗೀತದಲ್ಲಿ ಒಂದು ಸ್ವರ ಇನ್ನೊಂದಕ್ಕಿಂತ ಎಷ್ಟು ಮೇಲಿದೆ ಎಂಬ ಸೂಕ್ಷ್ಮ ಮಾಹಿತಿ ಈ ಸಂಕೇತದಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ. ಇಲ್ಲದ ಮಾಹಿತಿಯನ್ನು ಎಷ್ಟು ಅಭ್ಯಾಸ ಮಾಡಿದರೂ ಸೃಷ್ಟಿಸಲಾಗದು. ಆದ್ದರಿಂದಲೇ ಇಂಪ್ಲಾಂಟ್ ಬಳಸುವವರಲ್ಲಿ ಅನೇಕರು ಲಯವನ್ನು ಚೆನ್ನಾಗಿ ಹಿಡಿಯುತ್ತಾರೆ, ಹಾಡಿನ ಧಾಟಿಯನ್ನು ಹಿಡಿಯಲು ಹೆಣಗುತ್ತಾರೆ. ಶಾಂತವಾದ ಕೋಣೆಯಲ್ಲಿ ಸರಾಗವಾಗಿ ಮಾತಾಡುವವರು ನಾಲ್ಕು ಜನ ಒಟ್ಟಿಗೆ ಮಾತಾಡುವಲ್ಲಿ ಸೋತುಹೋಗುತ್ತಾರೆ. ಮಿದುಳು ಏನನ್ನಾದರೂ ಕಲಿಯಬಲ್ಲುದು ಎಂಬ ಮಾತನ್ನು ಇತ್ತೀಚೆಗೆ ತೀರಾ ಸಲೀಸಾಗಿ ಆಡಲಾಗುತ್ತಿದೆ. ಕಲಿಯಲು ಅದಕ್ಕೆ ಹಿಡಿದುಕೊಳ್ಳುವಂತಹದ್ದು ಏನಾದರೂ ಬೇಕು.

ಕಲಿಯುವುದಕ್ಕೊಂದು ಕಾಲವೂ ಇದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ಕಾಲ ಮುಚ್ಚಿಟ್ಟು, ಮತ್ತೆ ತೆರೆದಾಗ ಕಣ್ಣು ಆರೋಗ್ಯವಾಗಿದ್ದರೂ ಮಿದುಳು ಅದರ ಸಂಕೇತಕ್ಕೆ ಹೆಚ್ಚುಕಡಿಮೆ ಸ್ಪಂದಿಸುತ್ತಿಲ್ಲ ಎಂಬುದನ್ನು ತೋರಿಸಿದರು. ದೊಡ್ಡ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿಟ್ಟರೆ ಹಾಗಾಗುವುದಿಲ್ಲ. ಶ್ರವಣದಲ್ಲೂ ಇಂಥದ್ದೇ ಸ್ಥಿತಿಯಿದೆಯೆಂದು ಅನು ಶರ್ಮಾ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ: ಹುಟ್ಟು ಕಿವುಡುತನವಿರುವ ಮಕ್ಕಳಿಗೆ ಸುಮಾರು ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಸಿಕ್ಕರೆ ಮಿದುಳಿನ ಪ್ರತಿಕ್ರಿಯೆ ಬೇಗನೆ ವಯಸ್ಸಿಗೆ ತಕ್ಕ ಮಟ್ಟಕ್ಕೆ ಬರುತ್ತದೆ, ಏಳು ವರ್ಷ ದಾಟಿದ ಮೇಲೆ ಸಿಕ್ಕರೆ ಸಾಮಾನ್ಯವಾಗಿ ಬರುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳುತ್ತೇನೆ. 1990ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ ಇಂಪ್ಲಾಂಟ್ ಹಾಕಲು ಒಪ್ಪಿಗೆ ಕೊಟ್ಟಾಗ ಅಲ್ಲಿನ ಕಿವುಡರ ರಾಷ್ಟ್ರೀಯ ಸಂಘ ಅದನ್ನು ಕಟುವಾಗಿ ಖಂಡಿಸಿತು. 2000ದಲ್ಲಿ ತನ್ನ ನಿಲುವನ್ನು ಸಡಿಲಗೊಳಿಸಿತು. ಆ ವಿರೋಧವನ್ನು ವಿಜ್ಞಾನದ ದ್ವೇಷವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಸನ್ನೆಭಾಷೆ ಪೂರ್ಣ ವ್ಯಾಕರಣವುಳ್ಳ ಭಾಷೆ, ಮಿದುಳಿನಲ್ಲಿ ಆಡುಮಾತನ್ನು ನಿಭಾಯಿಸುವ ಎಡಗೋಳಾರ್ಧದ ಭಾಗಗಳೇ ಅದನ್ನೂ ನಿಭಾಯಿಸುತ್ತವೆ. ಮಗುವಿನ ಮೊದಲ ವರ್ಷಗಳಲ್ಲಿ ಇಂಪ್ಲಾಂಟಿಗಾಗಿ ಕಾಯುತ್ತ, ಅದು ಫಲ ಕೊಡುವುದನ್ನು ಕಾಯುತ್ತ, ಸನ್ನೆ ಕಲಿತರೆ ಮಾತು ಬಾರದು ಎಂಬ ಹೆದರಿಕೆಯಿಂದ ಅದನ್ನೂ ದೂರವಿಟ್ಟರೆ, ಮಗುವಿಗೆ ಯಾವ ಭಾಷೆಯೂ ಸಿಗದೆ ಆ ಅಮೂಲ್ಯ ಕಾಲ ಜಾರಿಹೋಗುವ ಅಪಾಯವಿದೆ. ಕಾಲಮಿತಿ ಇರುವುದು ಶ್ರವಣಕ್ಕೆ ಮಾತ್ರವಲ್ಲ, ಭಾಷೆಗೂ.

ಈಗ ಕಣ್ಣಿಗೆ ಬರೋಣ. ಐರ್ಲೆಂಡಿನ ವಿಲಿಯಂ ಮಾಲಿನೊ ಎಂಬ ಚಿಂತಕ 1688ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಕಳುಹಿಸಿದ. ಅವನ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲವಾದ್ದರಿಂದ ಅದು ಬರೀ ತರ್ಕದ ಆಟವಾಗಿರಲಾರದು ಎಂದು ನನ್ನ ಊಹೆ. ಹುಟ್ಟುಕುರುಡನೊಬ್ಬ ಗೋಳವನ್ನೂ ಘನವನ್ನೂ ಮುಟ್ಟಿ ಗುರುತಿಸಬಲ್ಲ. ಅವನಿಗೆ ಏಕಾಏಕಿ ದೃಷ್ಟಿ ಬಂದರೆ, ಮುಟ್ಟದೆಯೇ ಯಾವುದು ಗೋಳ ಯಾವುದು ಘನ ಎಂದು ಹೇಳಬಲ್ಲನೇ? ಇದಕ್ಕೆ ಒಪ್ಪುವಂತಹ ಪ್ರಯೋಗದ ಉತ್ತರ ಸಿಗಲು ಮುನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ರಿಚರ್ಡ್ ಹೆಲ್ಡ್, ಪವನ್ ಸಿನ್ಹಾ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿನಿಂದ ಕುರುಡರಾಗಿದ್ದು ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ 8ರಿಂದ 17 ವರ್ಷದ ಐವರನ್ನು, ಶಸ್ತ್ರಚಿಕಿತ್ಸೆಯಾದ 48 ಗಂಟೆಗಳೊಳಗೆ ಪರೀಕ್ಷಿಸಲಾಯಿತು. ಕಂಡದ್ದನ್ನು ಕಂಡದ್ದರ ಜೊತೆ, ಮುಟ್ಟಿದ್ದನ್ನು ಮುಟ್ಟಿದ್ದರ ಜೊತೆ ಅವರು ಚೆನ್ನಾಗಿಯೇ ಹೊಂದಿಸಿದರು. ಮುಟ್ಟಿದ್ದನ್ನು ಕಂಡದ್ದರ ಜೊತೆ ಹೊಂದಿಸಬೇಕಾದಾಗ ಮಾತ್ರ ಅವರ ಉತ್ತರಗಳು ಬರೀ ಊಹೆಗಿಂತ ಹೆಚ್ಚೇನೂ ಮೇಲಿರಲಿಲ್ಲ. ಲಾಕ್ ಮತ್ತು ಮಾಲಿನೊ ಇಬ್ಬರೂ ನಿರೀಕ್ಷಿಸಿದ್ದು ಇದನ್ನೇ. ಅವರು ನಿರೀಕ್ಷಿಸದೆ ಇದ್ದದ್ದು ಮುಂದಿನ ಭಾಗ: ವಿಶೇಷ ತರಬೇತಿಯಿಲ್ಲದೆ, ಕೆಲವೇ ದಿನಗಳ ಬರೀ ನೋಡುವ ಅನುಭವದಿಂದ, ಮರುಪರೀಕ್ಷೆಗೆ ಬಂದವರ ಸಾಮರ್ಥ್ಯ ಬಹಳಷ್ಟು ಏರಿತ್ತು.

ಈ ಫಲಿತಾಂಶ ಉತ್ಸಾಹ ತರುತ್ತದೆ. ಅದನ್ನು ಇನ್ನೊಂದು ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕು. ರಿಚರ್ಡ್ ಗ್ರೆಗರಿ ಮತ್ತು ಜೀನ್ ವಾಲೇಸ್ 1963ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎಸ್.ಬಿ. ಎಂದು ಕರೆದಿರುವ ಆಂಗ್ಲ ವ್ಯಕ್ತಿ ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡು, 52ನೆಯ ವಯಸ್ಸಿನಲ್ಲಿ ಕಾರ್ನಿಯಾ ಕಸಿಯಿಂದ ಮರಳಿ ಪಡೆದವನು. ಗೋಡೆ ಗಡಿಯಾರ ನೋಡಿ ಆತ ಸಮಯ ಹೇಳಿದ, ಏಕೆಂದರೆ ಕೈಗಡಿಯಾರದ ಮುಳ್ಳುಗಳನ್ನು ಮುಟ್ಟಿ ಸಮಯ ತಿಳಿಯುವ ರೂಢಿ ಅವನಿಗಿತ್ತು. ಶಾಲೆಯಲ್ಲಿ ಮುಟ್ಟಿ ಕಲಿತಿದ್ದ ದೊಡ್ಡಕ್ಷರಗಳನ್ನು ಓದಿದ, ಹಾಗೆ ಕಲಿಯದ ಚಿಕ್ಕಕ್ಷರಗಳನ್ನು ಓದಲಾರದೆ ಹೋದ. ಲೋಹ ಕಡೆಯುವ ಲೇತ್ ಯಂತ್ರವೊಂದನ್ನು ಗಾಜಿನ ಪೆಟ್ಟಿಗೆಯೊಳಗೆ ತೋರಿಸಿದಾಗ ಅವನಿಗೆ ಅದರ ತಲೆಬುಡ ತಿಳಿಯಲಿಲ್ಲ. ಪೆಟ್ಟಿಗೆ ತೆರೆದ ಮೇಲೆ ಕಣ್ಣು ಮುಚ್ಚಿ ಕೈಯಾಡಿಸಿ, ಹಿಂದೆ ಸರಿದು, ಮುಟ್ಟಿಯಾದದ್ದರಿಂದ ಈಗ ಕಾಣುತ್ತಿದೆ ಎಂದ. ಕುರುಡನಾಗಿದ್ದಾಗ ಧೈರ್ಯದಿಂದ ರಸ್ತೆ ದಾಟುತ್ತಿದ್ದವನಿಗೆ ಈಗ ವಾಹನಗಳು ಕಂಡು ಭಯವಾಗತೊಡಗಿತು. ಸಂಜೆ ದೀಪ ಹಾಕದೆ ಕತ್ತಲಲ್ಲಿ ಕುಳಿತಿರುವುದು ಅವನ ರೂಢಿಯಾಯಿತು, ಖಿನ್ನತೆ ಕವಿಯಿತು, ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡ. ಒಬ್ಬನ ಕಥೆಯಿಂದ ನಿಯಮ ಹೊರಡುವುದಿಲ್ಲ, ಗ್ರೆಗರಿಯೂ ಹಾಗೆ ಮಾಡಲಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಿ: ಕುರುಡನಾಗಿದ್ದಾಗ ಆತ ನುರಿತವನಾಗಿದ್ದ, ಕಣ್ಣು ಬಂದ ಮೇಲೆ ಎಲ್ಲದರಲ್ಲೂ ಹಿಂದುಳಿದವನಾದ. ಹಳೆಯ ಕೌಶಲಗಳ ಬೆಲೆಯನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

ಆ ಕೌಶಲಗಳು ಎಂತಹವು ಎಂಬುದನ್ನು ಮಿದುಳಿನ ಅಧ್ಯಯನಗಳು ತೋರಿಸುತ್ತವೆ. ಚಿಕ್ಕಂದಿನಿಂದ ಕುರುಡರಾಗಿದ್ದವರು ಬ್ರೈಲ್ ಓದುವಾಗ ಅವರ ತಲೆಯ ಹಿಂಭಾಗದಲ್ಲಿರುವ ದೃಷ್ಟಿ ಪ್ರದೇಶ ಕೆಲಸ ಮಾಡುತ್ತಿರುತ್ತದೆಂದು 1996ರಲ್ಲಿ ಕಂಡುಬಂತು. ಅದು ಸುಮ್ಮನೆ ಬೆಳಗುತ್ತಿದೆಯೋ, ನಿಜವಾಗಿ ಓದಿಗೆ ಬೇಕಾಗಿದೆಯೋ? 2000ದಲ್ಲಿ ವರದಿಯಾದ ಪ್ರಕರಣವೊಂದು ಉತ್ತರ ಕೊಟ್ಟಿತು. ಹುಟ್ಟಿನಿಂದ ಕುರುಡಳಾಗಿದ್ದು ಬ್ರೈಲ್ ಓದಿನಲ್ಲಿ ಪಳಗಿದ್ದ ಮಹಿಳೆಯೊಬ್ಬಳಿಗೆ ಪಾರ್ಶ್ವವಾಯುವಿನಿಂದ ಎರಡೂ ಬದಿಯ ಆ ಪ್ರದೇಶಕ್ಕೆ ಪೆಟ್ಟಾಯಿತು. ಬೆರಳಿನ ಸ್ಪರ್ಶ ಸರಿಯಾಗಿಯೇ ಇತ್ತು, ಚುಕ್ಕೆಗಳು ತಗಲುತ್ತಿದ್ದವು, ಓದುವ ಶಕ್ತಿ ಮಾತ್ರ ಹೋಗಿತ್ತು. ನಾಲಿಗೆಯಿಂದ ಟಕ್ಕೆಂದು ಸದ್ದು ಮಾಡಿ ಅದರ ಪ್ರತಿಧ್ವನಿಯಿಂದ ಎದುರಿನ ವಸ್ತುಗಳನ್ನು ತಿಳಿಯುವ ಕುರುಡರ ಮಿದುಳನ್ನು ಲೋರ್ ಥೇಲರ್ ಮತ್ತು ಸಂಗಡಿಗರು 2011ರಲ್ಲಿ ಪರೀಕ್ಷಿಸಿದಾಗಲೂ ದೃಷ್ಟಿ ಪ್ರದೇಶವೇ ಆ ಪ್ರತಿಧ್ವನಿಗೆ ಸ್ಪಂದಿಸುತ್ತಿರುವುದು ಕಂಡಿತು. ಹತ್ತು ವರ್ಷಗಳ ನಂತರ ಅದೇ ಗುಂಪು ಪ್ರತಿಧ್ವನಿಯ ವಿದ್ಯೆಯನ್ನು ಹತ್ತು ವಾರಗಳಲ್ಲಿ ಕಲಿಸಿ ನೋಡಿತು. ಕಲಿತವರಲ್ಲಿ ಕುರುಡರೂ ಕಣ್ಣುಳ್ಳವರೂ ಇದ್ದರು, ಅತಿ ಹಿರಿಯರ ವಯಸ್ಸು 79. ಈ ವಿದ್ಯೆಗೆ ಬ್ಯಾಟರಿ ಬೇಡ.

ಯಂತ್ರ ಮತ್ತು ಕಲಿಕೆಯ ಸಂಬಂಧವನ್ನು ನನಗೆ ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಪಾಲ್ ಬಾಖ್-ಇ-ರೀಟಾ 1969ರಲ್ಲಿ ಪ್ರಕಟಿಸಿದ ಪ್ರಯೋಗ. ಹಳೆಯದೊಂದು ದಂತವೈದ್ಯರ ಕುರ್ಚಿಯ ಬೆನ್ನಿನ ಭಾಗದಲ್ಲಿ ಇಪ್ಪತ್ತು ಸಾಲುಗಳಲ್ಲಿ ಇಪ್ಪತ್ತಿಪ್ಪತ್ತರಂತೆ 400 ಕಂಪಕಗಳನ್ನು ಜೋಡಿಸಿ, ಅವನ್ನು ಟಿ.ವಿ. ಕ್ಯಾಮೆರಾಕ್ಕೆ ಸಂಪರ್ಕಿಸಲಾಗಿತ್ತು. ಕ್ಯಾಮೆರಾ ಕಂಡ ಚಿತ್ರ ಕುಳಿತವರ ಬೆನ್ನಿನ ಚರ್ಮದ ಮೇಲೆ ಕಂಪನದ ಚಿತ್ರವಾಗಿ ಮೂಡುತ್ತಿತ್ತು. ಹುಟ್ಟುಕುರುಡರು ಗಂಟೆಗಟ್ಟಲೆ ಅಭ್ಯಾಸದ ಬಳಿಕ ಟೆಲಿಫೋನು, ಲೋಟ, ಮುಖಗಳನ್ನು ಗುರುತಿಸತೊಡಗಿದರು. ಬೇರೆಯವರು ಕ್ಯಾಮೆರಾ ಹಿಡಿದಿದ್ದಾಗ ಅವರಿಗೆ ತಿಳಿಯುತ್ತಿದ್ದದ್ದು ಬೆನ್ನಿನ ಮೇಲಿನ ಕಚಗುಳಿ ಮಾತ್ರ. ತಾವೇ ಅದನ್ನು ಅತ್ತಿತ್ತ ತಿರುಗಿಸುವಂತಾದಾಗ ವಸ್ತು ಬೆನ್ನಿನ ಮೇಲಲ್ಲ, ತಮ್ಮೆದುರಿಗೆ ಇದೆ ಎಂಬ ಅನುಭವ ಬಂತು. ಅನುಭವವಿದ್ದವನೊಬ್ಬನಿಗೆ ತಿಳಿಸದೆ ಯಾರೋ ಕ್ಯಾಮೆರಾದ ಜೂಮ್ ತಿರುಗಿಸಿದಾಗ, ವಸ್ತು ತನ್ನತ್ತ ನುಗ್ಗಿ ಬಂತೆಂದು ಆತ ಕೈಗಳನ್ನೆತ್ತಿ ಹಿಂದಕ್ಕೆ ವಾಲಿದನಂತೆ. ಕಂಪನ ಬರುತ್ತಿದ್ದದ್ದು ಬೆನ್ನಿನಿಂದ, ತಪ್ಪಿಸಿಕೊಂಡದ್ದು ಮುಂದಿನಿಂದ ಬಂದ ವಸ್ತುವಿನಿಂದ! ಆ ಕುರ್ಚಿಯ ವಂಶದ ಸಾಧನವೊಂದು ಇಂದು ನಾಲಿಗೆಯ ಮೇಲೆ ಸುಮಾರು 400 ಎಲೆಕ್ಟ್ರೋಡುಗಳ ಪಟ್ಟಿಯಾಗಿ ಕೂರುತ್ತದೆ. 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು.

ಕೈಯಲ್ಲಿ ಹಿಡಿತವಿದ್ದರೆ ಸಂಕೇತಕ್ಕೆ ಅರ್ಥ ಬರುತ್ತದೆ ಎಂಬ ಈ ಅಂಶವನ್ನು ಮುಂದಿನ ಉದಾಹರಣೆಗಳಲ್ಲೂ ಗಮನಿಸಿ. ಡೇನಿಯಲ್ ಪಲಾಂಕರ್ ಅವರು ರೂಪಿಸಿದ ಪ್ರೈಮಾ ಎಂಬ ಎಲೆಕ್ಟ್ರಾನಿಕ್ ಚಿಪ್ ಎರಡು ಮಿಲಿಮೀಟರ್ ಚೌಕದ್ದು, ಅದರಲ್ಲಿರುವುದು ಬೆಳಕನ್ನು ವಿದ್ಯುತ್ತಾಗಿಸುವ 378 ಬಿಂದುಗಳು. ವಯಸ್ಸಾದಂತೆ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರದ, ನಡುಭಾಗ ಸವೆದುಹೋದವರಿಗೆ ಅದನ್ನು ಆ ಜಾಗದಲ್ಲಿ ಅಳವಡಿಸುತ್ತಾರೆ. ಕನ್ನಡಕದಲ್ಲಿರುವ ಕ್ಯಾಮೆರಾ ಚಿತ್ರವನ್ನು ಅವಗೆಂಪು ಬೆಳಕಾಗಿ ಅದರ ಮೇಲೆ ಬೀರುತ್ತದೆ. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವರ್ಷ ಪೂರೈಸಿದ 32 ಮಂದಿಯಲ್ಲಿ 26 ಮಂದಿಗೆ ಅಕ್ಷರ ಓದುವ ಸಾಮರ್ಥ್ಯ ಗಣನೀಯವಾಗಿ ಹೆಚ್ಚಿತ್ತು. ಪತ್ರಿಕೆಗಳು ಇದನ್ನು ದೃಷ್ಟಿ ಮರಳಿಸಿದ ಚಿಪ್ ಎಂದು ಬರೆದವು. ಬಳಸುವವರು ಅಕ್ಷರವನ್ನು ತಾವೇ ಹಿಗ್ಗಿಸಿಕೊಂಡು, ತಲೆಯನ್ನು ನಿಧಾನವಾಗಿ ಸರಿಸುತ್ತ ಓದಬೇಕು, ಅದಕ್ಕಾಗಿ ತಿಂಗಳುಗಳ ತರಬೇತಿ ಪಡೆಯಬೇಕು ಎಂಬ ಭಾಗ ಶೀರ್ಷಿಕೆಗಳಿಗೆ ಏರಲಿಲ್ಲ. 2021ರಲ್ಲಿ ವರದಿಯಾದ ಇನ್ನೊಂದು ಚಿಕಿತ್ಸೆಯಲ್ಲಿ, ಅಕ್ಷಿಪಟಲ ಕ್ರಮೇಣ ಹಾಳಾಗುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಿದ್ದ 58 ವರ್ಷದ ವ್ಯಕ್ತಿಯ ಕಣ್ಣಿಗೆ ಪಾಚಿಯ ಬೆಳಕುಗ್ರಾಹಿ ಪ್ರೋಟೀನಿನ ವಂಶವಾಹಿಯನ್ನು ಸೇರಿಸಲಾಗಿತ್ತು. ವಿಶೇಷ ಕನ್ನಡಕ ತೊಟ್ಟು ಅಭ್ಯಾಸ ಆರಂಭಿಸಿದ ಸುಮಾರು ಏಳು ತಿಂಗಳ ಮೇಲೆ ಆತ ರಸ್ತೆ ದಾಟುವಲ್ಲಿನ ಬಿಳಿ ಪಟ್ಟೆಗಳು ಕಾಣುತ್ತಿವೆ ಎಂದ.

ಕೈಕಾಲುಗಳ ವಿಷಯವನ್ನು ಸ್ವಲ್ಪ ಬೇಗ ಮುಗಿಸುತ್ತೇನೆ, ಅದಕ್ಕೇ ಒಂದು ಪ್ರತ್ಯೇಕ ಉಪನ್ಯಾಸ ಬೇಕು. ಕೃತಕ ಕೈಯನ್ನು ಪಡೆದ ವಯಸ್ಕರಲ್ಲಿ ಸರಿಸುಮಾರು ನಾಲ್ಕರಲ್ಲಿ ಒಬ್ಬರು ಅದನ್ನು ಬಳಸುವುದನ್ನೇ ಬಿಟ್ಟುಬಿಡುತ್ತಾರೆಂದು 2007ರ ಒಂದು ಸಮೀಕ್ಷಾ ಲೇಖನ ಹೇಳುತ್ತದೆ. ಮಕ್ಕಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ಭಾರ, ಸೆಕೆ, ಸ್ಪರ್ಶದ ಕೊರತೆ, ಎಲ್ಲಕ್ಕಿಂತ ಮಿಗಿಲಾಗಿ ಉಳಿದ ಒಂದು ಕೈಯಿಂದಲೇ ಕೆಲಸ ಬೇಗ ಆಗುತ್ತದೆ ಎಂಬ ಅನುಭವ. ಅದು ಸೋಲಲ್ಲ, ಒಳ್ಳೆಯ ಹೊಂದಾಣಿಕೆ. ಪಾರ್ಶ್ವವಾಯುವಿನಲ್ಲಿ ಮಾತ್ರ ಇದೇ ಹೊಂದಾಣಿಕೆ ತಿರುಗುಬಾಣವಾಗುತ್ತದೆ. ದುರ್ಬಲವಾದ ಕೈ ಒಂದೆರಡು ಸಲ ಕೈಕೊಟ್ಟ ಮೇಲೆ ರೋಗಿ ಗಟ್ಟಿ ಕೈಯನ್ನೇ ನೆಚ್ಚುತ್ತಾರೆ, ಚೇತರಿಸಿಕೊಳ್ಳಬಹುದಾಗಿದ್ದ ಕೈ ಬಳಕೆಯಿಲ್ಲದೆ ಹಾಗೆಯೇ ಉಳಿಯುತ್ತದೆ. ಎಡ್ವರ್ಡ್ ಟಾಬ್ ಕಂಡುಕೊಂಡ ಉಪಾಯ, ಗಟ್ಟಿ ಕೈಗೆ ಗವಸು ಹಾಕಿ ಕಟ್ಟಿಹಾಕುವುದು. 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಚ್ಚರವಿರುವ ಬಹುಪಾಲು ಹೊತ್ತು ಗವಸು, ದಿನಕ್ಕೆ ಆರು ಗಂಟೆಗಳವರೆಗೆ ಅಭ್ಯಾಸ, ಹೀಗೆ ಎರಡು ವಾರ ಮಾಡಿದವರ ಕೈ ಒಂದು ವರ್ಷದ ಮೇಲೂ ಉಳಿದವರ ಕೈಗಿಂತ ಚೆನ್ನಾಗಿತ್ತು. ಇಡೀ ಚಿಕಿತ್ಸೆಯಲ್ಲಿದ್ದ ಉಪಕರಣ ಆ ಗವಸು. ದುಬಾರಿಯಾದದ್ದು ಜೊತೆಗೆ ಕುಳಿತ ಚಿಕಿತ್ಸಕರ ಗಂಟೆಗಳು.

ಇದುವರೆಗೆ ಮನುಷ್ಯ ಯಂತ್ರಕ್ಕೆ ಹೊಂದಿಕೊಳ್ಳುವ ಬಗ್ಗೆ ಹೇಳಿದೆ. ಯಂತ್ರವೂ ಮನುಷ್ಯನಿಗೆ ಹೊಂದಿಕೊಳ್ಳತೊಡಗಿರುವುದು ಇತ್ತೀಚಿನ ಬದಲಾವಣೆ. 1969ರಲ್ಲಿ ಎಬರ್ಹಾರ್ಡ್ ಫೆಟ್ಜ್ ಮಂಗವೊಂದು ತನ್ನ ಮಿದುಳಿನ ಒಂದೇ ಒಂದು ನರಕೋಶದ ಮಿಡಿತವನ್ನು ಬೇಕೆಂದಾಗ ಹೆಚ್ಚಿಸಲು ಕಲಿಯಬಲ್ಲುದು ಎಂದು ತೋರಿಸಿದರು. ಅಲ್ಲಿ ಕಲಿಯುವ ಹೊರೆಯೆಲ್ಲ ಮಂಗದ್ದೇ. 2024ರಲ್ಲಿ ವರದಿಯಾದ ಪ್ರಯೋಗದಲ್ಲಿ, ಸ್ನಾಯುಗಳನ್ನು ನಡೆಸುವ ನರಕೋಶಗಳು ನಾಶವಾಗುವ ಎಎಲ್ಎಸ್ ಕಾಯಿಲೆಯಿಂದ ಮಾತು ಕಳೆದುಕೊಂಡಿದ್ದ ವ್ಯಕ್ತಿಯ ಮಿದುಳಿನಲ್ಲಿ 256 ಎಲೆಕ್ಟ್ರೋಡುಗಳನ್ನು ಇಡಲಾಗಿತ್ತು. ಆತ ಮಾತಾಡಲು ಯತ್ನಿಸಿದಾಗ ಏಳುವ ನರಸಂಕೇತಗಳನ್ನು ಕಂಪ್ಯೂಟರ್ ಓದಲು ಕಲಿಯಿತು: ಮೊದಲ ದಿನ ಅರ್ಧ ಗಂಟೆಯ ಅಭ್ಯಾಸದಲ್ಲೇ 50 ಪದಗಳ ಶಬ್ದಕೋಶವನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ, ಮುಂದಿನ ತಿಂಗಳುಗಳಲ್ಲಿ 1,25,000 ಪದಗಳ ಶಬ್ದಕೋಶವನ್ನು ಶೇ 97ಕ್ಕೂ ಹೆಚ್ಚು ನಿಖರವಾಗಿ. ಆತನ ಹಳೆಯ ಧ್ವನಿಮುದ್ರಣಗಳನ್ನು ಆಧರಿಸಿ ರೂಪಿಸಿದ ದನಿಯಲ್ಲೇ ಆ ವಾಕ್ಯಗಳು ಹೊರಬಂದವು. ವೇಗ ನಿಮಿಷಕ್ಕೆ ಸುಮಾರು 32 ಪದ, ನಾನು ಈಗ ಮಾತಾಡುತ್ತಿರುವುದಕ್ಕಿಂತ ಬಹಳ ನಿಧಾನ. ಸಂಕೇತಗಳು ದಿನದಿಂದ ದಿನಕ್ಕೆ ಸ್ವಲ್ಪ ಜರುಗುವುದರಿಂದ ಯಂತ್ರ ತನ್ನನ್ನು ತಾನು ತಿದ್ದಿಕೊಳ್ಳುತ್ತಲೇ ಇರಬೇಕು. ಕಲಿಕೆಯ ಹೊರೆ ಹಂಚಿಹೋಗಿದೆ, ಇಲ್ಲವಾಗಿಲ್ಲ.

ಯಂತ್ರವೇ ಇಲ್ಲದ ಒಂದು ಉದಾಹರಣೆಯೂ ಇದೆ, ವಾಸನೆಯದು. ವೈರಾಣು ಸೋಂಕಿನಿಂದ ಮೂಗಿನ ಶಕ್ತಿ ಕಳೆದುಕೊಳ್ಳುವುದು ಕೋವಿಡ್ ನಂತರ ಎಲ್ಲರಿಗೂ ಪರಿಚಿತವಾದ ಸಂಗತಿ. 2009ರಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನು ದಿನಕ್ಕೆ ಎರಡು ಸಲ, ಹನ್ನೆರಡು ವಾರ, ಗಮನವಿಟ್ಟು ಮೂಸುವ ಅಭ್ಯಾಸ ಕೊಟ್ಟಾಗ, ಅಭ್ಯಾಸ ಮಾಡದವರಿಗಿಂತ ಅವರಲ್ಲಿ ಹೆಚ್ಚು ಚೇತರಿಕೆ ಕಂಡಿತು. ಮೂಗಿನ ನರಕೋಶಗಳು ಜೀವನವಿಡೀ ಹೊಸದಾಗಿ ಹುಟ್ಟುತ್ತಿರುತ್ತವೆ ಎಂಬುದು ಇಲ್ಲಿನ ಅನುಕೂಲ. ಚೇತರಿಕೆಯ ಹಾದಿಯಲ್ಲಿ ಅನೇಕರಿಗೆ ಕಾಫಿಯಂತಹ ಪರಿಚಿತ ವಾಸನೆಗಳು ಅಸಹ್ಯವಾಗಿ ಬರುವುದುಂಟು. ಇಂಪ್ಲಾಂಟಿನ ಮೊದಲ ದಿನದ ಬಾತುಕೋಳಿಯ ದನಿಗೂ ಇದಕ್ಕೂ ಕಾರಣ ಒಂದೇ ಅಲ್ಲದಿದ್ದರೂ, ಅನುಭವಿಸುವವರ ಗಾಬರಿ ಒಂದೇ ಬಗೆಯದು. ಹೀಗಾಗಬಹುದೆಂದು ಮೊದಲೇ ಹೇಳಿದ್ದರೆ ಎಷ್ಟೋ ಮಂದಿ ಅಭ್ಯಾಸವನ್ನು ನಡುವೆ ಬಿಡುವುದಿಲ್ಲ.

ಕೊನೆಗೆ, ಕಲಿತಾದ ಮೇಲೆ ಏನು ಎಂಬ ಪ್ರಶ್ನೆ. ಆರ್ಗಸ್ 2 ಎಂಬ ಅಕ್ಷಿಪಟಲದ ಇಂಪ್ಲಾಂಟ್ 60 ಎಲೆಕ್ಟ್ರೋಡುಗಳದ್ದು. ಯುರೋಪಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಪಡೆದಿತ್ತು. ಅದನ್ನು ತಯಾರಿಸುತ್ತಿದ್ದ ಸೆಕೆಂಡ್ ಸೈಟ್ ಕಂಪನಿ 2019ರಲ್ಲಿ ತಯಾರಿಕೆ ನಿಲ್ಲಿಸಿತು, 2020ರಲ್ಲಿ ತನ್ನ ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು. ಆ ಕಂಪನಿಯ ಇಂಪ್ಲಾಂಟುಗಳನ್ನು ಹೊಂದಿದ್ದವರು ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಮಂದಿ. ಕನ್ನಡಕ ಮುರಿದರೆ, ಸೊಂಟಕ್ಕೆ ಕಟ್ಟುವ ಪ್ರೊಸೆಸರ್ ಕೆಟ್ಟರೆ ರಿಪೇರಿ ಮಾಡುವವರಿಲ್ಲದಂತಾಯಿತು. ವೈದ್ಯರು ಎಂಆರ್‌ಐ ಮಾಡಬೇಕೆಂದಾಗ, ಇಂಪ್ಲಾಂಟ್ ಇರುವ ಕಣ್ಣಿಗೆ ಅದು ಸುರಕ್ಷಿತವೇ ಎಂದು ಕೇಳಲು ಕಂಪನಿಯಿಂದ ಉತ್ತರ ಸಿಗದೆ ರೋಗಿಯೊಬ್ಬರು ಆ ಪರೀಕ್ಷೆಯನ್ನೇ ಕೈಬಿಡಬೇಕಾಯಿತು. ತಿಂಗಳುಗಟ್ಟಲೆ ಕಲಿತು ತಮ್ಮದಾಗಿಸಿಕೊಂಡ ಕೌಶಲ ಒಂದು ಬಿಡಿಭಾಗಕ್ಕಾಗಿ ನಿಂತುಹೋಗುವುದನ್ನು ಎರಡನೆಯ ಸಲ ಕುರುಡಾಗುವುದೆಂದು ಕರೆದರೆ ಉತ್ಪ್ರೇಕ್ಷೆಯಾಗದು.

ಹಾಗಾಗಿ ನಿಮ್ಮ ಮನೆಯವರಿಗೋ ಸ್ನೇಹಿತರಿಗೋ ಇಂತಹ ಸಾಧನದ ಸಲಹೆ ಬಂದರೆ, ಎಲೆಕ್ಟ್ರೋಡುಗಳೆಷ್ಟು, ಯಶಸ್ಸು ಶೇಕಡಾ ಎಷ್ಟು ಎಂದು ಕೇಳುವುದರ ಜೊತೆಗೆ ಇನ್ನು ಕೆಲವನ್ನು ಕೇಳಿ: ಅಳವಡಿಸಿದ ಮೇಲೆ ಎಷ್ಟು ಗಂಟೆಗಳ ತರಬೇತಿ ಇದೆ, ಅದನ್ನು ಕೊಡುವವರು ಯಾರು, ಮನೆಯಲ್ಲಿ ದಿನವೂ ಏನು ಮಾಡಬೇಕು, ಹೊರಗಿನ ಭಾಗ ಐದನೆಯ ವರ್ಷದಲ್ಲಿ ಕೆಟ್ಟರೆ ಯಾರ ಹೊಣೆ, ತಯಾರಕರೇ ಇಲ್ಲವಾದರೆ ಅದರ ವಿನ್ಯಾಸದ ವಿವರಗಳು ಯಾರ ಕೈಯಲ್ಲಿರುತ್ತವೆ, ಬೇಡವೆನಿಸಿದರೆ ತೆಗೆದುಹಾಕಬಹುದೇ, ತೆಗೆಯದೆ ಬಿಟ್ಟರೆ ಮುಂದೆ ಎಂಆರ್‌ಐ ಮಾಡಿಸಬಹುದೇ. ಉತ್ತರಗಳನ್ನು ಬರಹದಲ್ಲಿ ಪಡೆದುಕೊಳ್ಳಿ.